ಟಿಪ್ಪುವಿನ ಅಂಗಿ ಹೊಲಿಯುತ್ತಾ ಕಲಿತ ಇತಿಹಾಸ

ಕಳೆದ ವರ್ಷದ ಕಾಲೇಜು ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ಟಿಪ್ಪು ಸುಲ್ತಾನರ ಪಾತ್ರ ಸಿಕ್ಕಿತ್ತು. ಉಡುಪನ್ನು ಬಾಡಿಗೆಗೆ ತಂದಿದ್ದೆವು. ಹೊಳೆಯುವ ಸ್ಯಾಟಿನ್ ಕೋಟು, ಎದೆಯ ತುಂಬ ಜರಿಯ ಲೇಸು, ಕೊರಳಿಗೆ ಪ್ಲಾಸ್ಟಿಕ್ ಮುತ್ತಿನ ಸರ, ಬೆನ್ನಿಗೆ ಜಿಪ್. ಕೊನೆಯ ದೃಶ್ಯದಲ್ಲಿ ನಾನು ನೆಲಕ್ಕೆ ಬಿದ್ದಾಗ ಜಿಪ್ ಕಿತ್ತುಹೋಯಿತು. ಸಭೆ ನಕ್ಕಿತು. ಕಣ್ಣೀರು ಬರಬೇಕಾದ ದೃಶ್ಯ ನಗೆಪಾಟಲಾಯಿತು.

ಮರುದಿನ ತರಗತಿಯಲ್ಲಿ ನಮ್ಮ ಇತಿಹಾಸ ಉಪನ್ಯಾಸಕರು ಜಿಪ್ಪಿನ ಬಗ್ಗೆ ಏನೂ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಆ ದಿನ ಅವರು ಏನು ಧರಿಸಿದ್ದರು ಎಂದು ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರೆ. ನೀನು ಹುಡುಕಿದೆಯಾ?" ನಾನು ಹುಡುಕಿರಲಿಲ್ಲ. ಆ ಪ್ರಶ್ನೆಯಿಂದಲೇ ನನ್ನ ಹೊಸ ಹವ್ಯಾಸ ಶುರುವಾಯಿತು. ಹಳೆಯ ಕಾಲದ ಉಡುಪನ್ನು ಆಧಾರ ನೋಡಿ ಮನೆಯಲ್ಲೇ ಹೊಲಿಯುವುದು ಹೇಗೆ, ಅದರಿಂದ ಏನು ಕಲಿಯಬಹುದು ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ದಾಖಲೆ ಏನು ಹೇಳುತ್ತದೆ?

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಆ ರಾತ್ರಿ ಕೋಟೆಯ ಬಾಗಿಲಿನ ಬಳಿ ಟಿಪ್ಪು ಸುಲ್ತಾನರ ದೇಹವನ್ನು ಗುರುತಿಸಿದವರಲ್ಲಿ ಮೇಜರ್ ಅಲನ್ ಎಂಬ ಬ್ರಿಟಿಷ್ ಅಧಿಕಾರಿಯೂ ಇದ್ದರು. ಅವರ ವಿವರಣೆ 1800ರಲ್ಲಿ ಬೀಟ್ಸನ್ ಬರೆದ ಯುದ್ಧ ಚರಿತ್ರೆಯಲ್ಲಿ ಅಚ್ಚಾಯಿತು. ಅದರ ಸಾರಾಂಶ ಹೀಗಿದೆ: ನಯವಾದ ಬಿಳಿ ಬಟ್ಟೆಯ ಅಂಗಿ, ಹೂವಿನ ಚಿತ್ತಾರದ ಚೀಟಿ ಬಟ್ಟೆಯ ಸಡಿಲ ಇಜಾರ, ಸೊಂಟಕ್ಕೆ ರೇಷ್ಮೆ ಮತ್ತು ಹತ್ತಿ ಬೆರೆಸಿ ನೇಯ್ದ ಕಡುಗೆಂಪು ನಡುಪಟ್ಟಿ, ಭುಜದಿಂದ ಕೆಂಪು-ಹಸಿರು ರೇಷ್ಮೆ ಪಟ್ಟಿಯಲ್ಲಿ ತೂಗುವ ಒಂದು ಚೀಲ, ತೋಳಿಗೆ ತಾಯಿತ. ಪೇಟ ಗಲಾಟೆಯಲ್ಲಿ ಬಿದ್ದುಹೋಗಿತ್ತು. ಒಡವೆ ಒಂದೂ ಇರಲಿಲ್ಲ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಬರೆದವರು ಎದುರು ಪಕ್ಷದವರು. ಆದರೆ ಅಂಗಿಯ ಬಣ್ಣದ ಬಗ್ಗೆ ಸುಳ್ಳು ಹೇಳಿ ಅವರಿಗೆ ಆಗಬೇಕಾದ ಲಾಭವಿಲ್ಲ. ಆದ್ದರಿಂದ ಈ ಭಾಗವನ್ನು ನಂಬಬಹುದು. ಎರಡನೆಯದು, ಇದು ಯುದ್ಧದ ದಿನದ ಉಡುಪು. ದರ್ಬಾರಿನಲ್ಲೂ ಇಷ್ಟೇ ಸರಳವಾಗಿತ್ತೆಂದು ಇದರಿಂದ ಹೇಳಲಾಗದು.

ಚಿತ್ರ ಬೇಕೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಇದೆ. 1784ರ ಈ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರ್ ಅಲಿ, ಟಿಪ್ಪು, ಅವರ ಸೈನಿಕರು, ಕೆಂಪು ಕೋಟಿನ ಬ್ರಿಟಿಷರು ಎಲ್ಲರೂ ಅಲ್ಲಿದ್ದಾರೆ. ಅಂಗಿಯ ಆಕಾರ, ನಡುಪಟ್ಟಿ ಕಟ್ಟುವ ರೀತಿ ತಿಳಿಯಲು ಅದು ಒಳ್ಳೆಯ ಪಾಠ. ಆದರೆ ಆ ಚಿತ್ರವನ್ನು 19ನೇ ಶತಮಾನದಲ್ಲಿ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಯಿಸಲಾಗಿದೆ ಎಂಬುದನ್ನು ಮರೆಯಬಾರದು. ಹಾಗಾಗಿ ಚಿತ್ರವನ್ನೂ ಬರಹವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆ ಕಾಲದಲ್ಲಿ ಏನು ಇರಲಿಲ್ಲ?

ಉಡುಪು ಹೊಲಿಯುವ ಮೊದಲು ಈ ಪ್ರಶ್ನೆ ಕೇಳಿಕೊಂಡರೆ ಅರ್ಧ ತಪ್ಪು ತಪ್ಪುತ್ತದೆ. ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಪರ್ಕಿನ್ ಮೊದಲ ಕೃತಕ ಬಣ್ಣಗಳಲ್ಲೊಂದಾದ ಮಾವ್ ಅನ್ನು ಕಂಡುಹಿಡಿದದ್ದು 1856ರಲ್ಲಿ. ಇಂದಿನ ರೂಪದ ಜಿಪ್ಪಿಗೆ ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ಪಾಲಿಯೆಸ್ಟರ್ ಬಂದದ್ದು 1941ರಲ್ಲಿ. ಇವೆಲ್ಲವೂ ಟಿಪ್ಪುವಿನ ನಂತರದವು. ನನ್ನ ಬಾಡಿಗೆ ಉಡುಪಿನಲ್ಲಿ ಇವುಗಳಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ!

ಹಾಗಾದರೆ ಇದ್ದದ್ದೇನು? ಕೈಹೊಲಿಗೆ, ಕೈಮಗ್ಗದ ಬಟ್ಟೆ, ಗಿಡದ ಬೇರು, ಅರಗು, ನೀಲಿಯಿಂದ ತೆಗೆದ ಬಣ್ಣ. ಹೂವಿನ ಚೀಟಿ ಬಟ್ಟೆಯಲ್ಲಿ ಕೆಂಪು ಬಣ್ಣ ನಿಲ್ಲಲು ಪಟಿಕ ಬಳಸುತ್ತಿದ್ದರು. ಪಟಿಕವು ಬಣ್ಣವನ್ನು ನೂಲಿಗೆ ಕಚ್ಚಿಸುತ್ತದೆ. ರಸಾಯನಶಾಸ್ತ್ರದ ಗೆಳೆಯರು ಇದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದು.

ರೇಷ್ಮೆ ಮತ್ತು ಹತ್ತಿ ಬೆರೆಸಿದ ಬಟ್ಟೆಗೂ ಒಂದು ಹಿನ್ನೆಲೆ ಇದೆ. ಗಂಡಸರು ಶುದ್ಧ ರೇಷ್ಮೆ ಧರಿಸಬಾರದೆಂಬ ನಿಯಮ ಇಸ್ಲಾಮಿನಲ್ಲಿದೆ. ಅದಕ್ಕೆ ಹೊಂದುವಂತೆ ಮೈಗೆ ತಾಗುವ ಬದಿಯಲ್ಲಿ ಹತ್ತಿ, ಹೊರಗೆ ಕಾಣುವ ಬದಿಯಲ್ಲಿ ರೇಷ್ಮೆ ಬರುವಂತೆ ನೇಯುವ ‘ಮಶ್ರೂ’ ಬಟ್ಟೆ ಬಳಕೆಯಲ್ಲಿತ್ತು. ಆ ಹೆಸರಿನ ಅರ್ಥವೇ ‘ಶರೀಅತ್ ಒಪ್ಪಿದ್ದು’ ಎಂದು. ಅಂದಿನ ನಡುಪಟ್ಟಿ ಮಶ್ರೂ ಆಗಿತ್ತೆಂದು ದಾಖಲೆ ಹೇಳುವುದಿಲ್ಲ. ಎರಡು ನೂಲು ಬೆರೆತಿತ್ತು ಎಂದಷ್ಟೇ ಹೇಳುತ್ತದೆ.

ಬಟ್ಟೆಯ ಲೆಕ್ಕ

ರಜೆಯಲ್ಲಿ ಹತ್ತು ವರ್ಷದ ತಮ್ಮನ ಅಳತೆಗೆ ಅಂಗಿ ಹೊಲಿಯಲು ಕುಳಿತೆ. ದಾದಿಗೆ ಹೊಲಿಗೆ ಚೆನ್ನಾಗಿ ಗೊತ್ತು, ಆದರೆ ಈಗ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುವುದಿಲ್ಲ. ವಿದ್ಯೆ ಅವರದು, ಕೈ ನನ್ನದು ಎಂದಾಯಿತು. "ಗಂಡು ಹುಡುಗ ಸೂಜಿ ಹಿಡಿಯುವುದಾ?" ಎಂದು ಪಕ್ಕದ ಮನೆಯವರು ನಕ್ಕರು. "ಇವನ ದಾದಾ ಇದೇ ಸೂಜಿಯಿಂದ ನಮ್ಮ ಹೊಟ್ಟೆ ತುಂಬಿಸಿದರು" ಎಂದು ದಾದಿ ಅವರ ಬಾಯಿ ಮುಚ್ಚಿಸಿದರು.

ಹಳೆಯ ಅಂಗಿಗಳ ಗುಟ್ಟು ಓರೆ ತುಂಡಿನಲ್ಲಿದೆ. ದರ್ಜಿಗಳು ಇದನ್ನು ‘ಕಲೀ’ ಎನ್ನುತ್ತಾರೆ. ಅಂಗಿಯ ಮೇಲ್ಭಾಗ ಮೈಗೆ ಹೊಂದಿ, ಕೆಳಗೆ ಘೇರು ಅಗಲವಾಗುವುದು ಇದರಿಂದಲೇ. 50 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಒಂದು ಆಯತ ತೆಗೆದುಕೊಳ್ಳಿ. ಮೇಲಿನ ಅಂಚಿನಲ್ಲಿ ಎಡದಿಂದ 5 ಸೆಂ.ಮೀ., ಕೆಳಗಿನ ಅಂಚಿನಲ್ಲಿ ಬಲದಿಂದ 5 ಸೆಂ.ಮೀ. ಗುರುತು ಮಾಡಿ, ಆ ಎರಡು ಗುರುತುಗಳನ್ನು ಸೇರಿಸುವ ಗೆರೆಯ ಮೇಲೆ ಕತ್ತರಿಸಿ. ಒಂದು ತುದಿ 5, ಇನ್ನೊಂದು ತುದಿ 25 ಸೆಂ.ಮೀ. ಇರುವ ಎರಡು ಸಮಾನ ತುಂಡುಗಳು ಸಿಗುತ್ತವೆ. ಒಂದೊಂದರ ವಿಸ್ತೀರ್ಣ 750 ಚ.ಸೆಂ.ಮೀ. ಎರಡೂ ಸೇರಿ 1500, ಅಂದರೆ ಪೂರ್ತಿ ಆಯತ. ಒಂದು ಚಿಂದಿಯೂ ವ್ಯರ್ಥವಾಗಲಿಲ್ಲ. ಅದೇ ತುಂಡುಗಳನ್ನು 25 ಸೆಂ.ಮೀ. ಅಗಲದ ಬೇರೆ ಬೇರೆ ಆಯತಗಳಿಂದ ಕತ್ತರಿಸಿದ್ದರೆ ಪ್ರತಿ ಆಯತದಲ್ಲೂ 1250ಕ್ಕೆ 500, ಅಂದರೆ ಶೇ. 40 ಬಟ್ಟೆ ಉಪಯೋಗಕ್ಕೆ ಬಾರದೆ ಉಳಿಯುತ್ತಿತ್ತು. ಕೈಮಗ್ಗದಲ್ಲಿ ಇಂಚಿಂಚಾಗಿ ನೇಯ್ದ ಬಟ್ಟೆಯನ್ನು ಹಾಗೆ ಬಿಸಾಡಲು ಯಾರಿಗೆ ಮನಸ್ಸು ಬಂದೀತು?

ಹಿಂದೆ ಮುಂದೆ 36 ಸೆಂ.ಮೀ. ಅಗಲದ ಎರಡು ನೇರ ತುಂಡು, ಬದಿಗೆ ಎರಡೆರಡರಂತೆ ನಾಲ್ಕು ಕಲೀ, ಕಂಕುಳಿಗೆ 12 ಸೆಂ.ಮೀ. ಚೌಕದ ಬಗಲ್ ತುಂಡು, ಎರಡು ತೋಳು. ಪ್ರತಿ ಅಂಚಿಗೆ 1 ಸೆಂ.ಮೀ. ಹೊಲಿಗೆಗೆ ಹೋದರೆ ಕಲೀಗಳು ಶುರುವಾಗುವಲ್ಲಿ ಸುತ್ತಳತೆ 80, ಕೆಳಗಿನ ಘೇರು 160 ಸೆಂ.ಮೀ. ಆಗುತ್ತದೆ. ಬಗಲ್ ತುಂಡು ಇದ್ದರೆ ತೋಳೆತ್ತಿದಾಗ ಅಂಗಿ ಹರಿಯುವುದಿಲ್ಲ. ಮುಂಭಾಗವನ್ನು ನಡುವೆ ಸೀಳಿ, ಒಂದು ಬದಿ ಎದೆಯ ಮೇಲೆ ಅಡ್ಡ ಹಾಯುವಷ್ಟು ಬಟ್ಟೆ ಜೋಡಿಸಿ, ಲಾಡಿಯಿಂದ ಬಲಕ್ಕೆ ಕಟ್ಟಿದೆವು. ಮುಸ್ಲಿಮರು ಬಲಕ್ಕೆ, ಹಿಂದೂಗಳು ಎಡಕ್ಕೆ ಕಟ್ಟುವುದು ಮೊಘಲರ ಕಾಲದ ರೂಢಿ.

ನನ್ನ ತಪ್ಪು

ನಾನು ಅವಸರದಲ್ಲಿ ಎರಡು ಕಲೀಗಳ ಓರೆ ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದೆ. ರಾತ್ರಿ ಗೂಟಕ್ಕೆ ತೂಗುಹಾಕಿದೆ. ಬೆಳಿಗ್ಗೆ ನೋಡಿದರೆ ಎರಡೂ ಬದಿ ಕೆಳಕ್ಕೆ ಜೋತುಬಿದ್ದಿತ್ತು. ದಾದಿ ಬೆರಳಿನಿಂದಲೇ ತಡವಿ ತಪ್ಪು ಹೇಳಿದರು: "ಓರೆಗೆ ಓರೆ ಸೇರಿಸಿದ್ದೀಯ ಬೇಟಾ. ಓರೆ ಅಂಚು ಎಳೆದರೆ ಹಿಗ್ಗುತ್ತದೆ. ಅದನ್ನು ನೇರ ಅಂಚಿಗೆ ಸೇರಿಸು. ನೇರ ಅಂಚು ಅದನ್ನು ಹಿಡಿದುಕೊಳ್ಳುತ್ತದೆ."

ಎರಡು ದಿನದ ಹೊಲಿಗೆ ಬಿಚ್ಚಿದೆ. ಮೊದಲು ಕಚ್ಚಾ ಹೊಲಿಗೆ, ಅಳತೆ ಸರಿಯಿದ್ದರೆ ಬಖಿಯಾ, ಕೊನೆಗೆ ಅಂಚಿಗೆ ತುರ್ಪಾಯಿ. ದಾದಿ ಹೇಳಿದ ಈ ಕ್ರಮ ಬಿಡದೆ ಹೊಲಿದಾಗ ಅಂಗಿ ಮುಗಿಯಲು ಹತ್ತೊಂಬತ್ತು ಸಂಜೆ ಹಿಡಿಯಿತು. ಹೆಸರಿಲ್ಲದ ದರ್ಜಿಗಳು ಒಂದು ಸೈನ್ಯಕ್ಕೆ ಬೇಕಾದಷ್ಟು ಬಟ್ಟೆಯನ್ನು ಹೀಗೆ ಕೈಯಲ್ಲೇ ಹೊಲಿದಿದ್ದರು ಎಂಬುದು ನನಗೆ ಪುಸ್ತಕದಿಂದ ಅರ್ಥವಾಗಿರಲಿಲ್ಲ. ಬೆರಳು ನೋವಾದಾಗ ಅರ್ಥವಾಯಿತು.

ಮೂರು ಸಾಲಿನ ಕಾರ್ಡು

ಕೊನೆಗೆ ಉಪನ್ಯಾಸಕರ ಸಲಹೆಯಂತೆ ಒಂದು ಕಾರ್ಡಿನ ಮೇಲೆ ಮೂರು ಸಾಲು ಬರೆದೆ.

ಆಧಾರ: ಬಿಳಿ ಅಂಗಿ, ಹೂವಿನ ಇಜಾರ, ಕಡುಗೆಂಪು ನಡುಪಟ್ಟಿ, ಒಡವೆ ಇಲ್ಲ.
ಊಹೆ: ಅಂಗಿಯ ಉದ್ದ, ಕಲೀ, ಬಲಬದಿಯ ಲಾಡಿ. ಇವು ಆ ಕಾಲದ ಚಿತ್ರ ಮತ್ತು ರೂಢಿಯಿಂದ.
ಬದಲಿ: ಕೈಮಗ್ಗದ ಬಟ್ಟೆಗೆ ಅಂಗಡಿಯ ಮಲ್ ಬಟ್ಟೆ, ಕೈ ಚಿತ್ತಾರಕ್ಕೆ ಯಂತ್ರದ ಅಚ್ಚು.

ಈ ಮೂರನ್ನು ಬೇರೆ ಬೇರೆ ಇಡುವುದೇ ಈ ಹವ್ಯಾಸದ ಮುಖ್ಯ ಪಾಠ. ಬದಲಿ ಬಳಸಿದರೆ ತಪ್ಪಲ್ಲ, ಅದನ್ನು ಅಸಲಿ ಎಂದು ತೋರಿಸುವುದು ತಪ್ಪು. ಇತಿಹಾಸದ ಉತ್ತರ ಬರೆಯುವಾಗಲೂ ಇದೇ ನಿಯಮ.

ತಮ್ಮ ಈ ಉಡುಪು ತೊಟ್ಟು ಶಾಲೆಯ ವೇಷಭೂಷಣ ಸ್ಪರ್ಧೆಗೆ ಹೋದ. ಬಹುಮಾನ ಬರಲಿಲ್ಲ. "ಸುಲ್ತಾನ್ ಇಷ್ಟು ಸರಳವಾ? ಒಡವೆ ಎಲ್ಲಿ?" ಎಂದು ತೀರ್ಪುಗಾರರು ಕೇಳಿದರಂತೆ. "ಆ ದಿನ ಅವರು ಹಾಕಿರಲಿಲ್ಲ ಸರ್, ನೋಡಿದವರು ಬರೆದಿದ್ದಾರೆ" ಎಂದು ಹೇಳಿ ಕಾರ್ಡು ತೋರಿಸಿದನಂತೆ. ದಾದಿಗೆ ಈ ಮಾತು ತಿಳಿಸಿದಾಗ ಅಂಗಿಯನ್ನು ತರಿಸಿ, ಅಂಚಿನ ತುರ್ಪಾಯಿಯ ಮೇಲೆ ಒಮ್ಮೆ ಬೆರಳಾಡಿಸಿದರು. "ಈಗ ಸರಿಯಾಗಿದೆ" ಎಂದರು.

ಗೆಳೆಯರೇ, ಈ ವರ್ಷದ ನಾಟಕಕ್ಕೆ ಬಾಡಿಗೆ ಉಡುಪು ತರುವ ಮೊದಲು ಒಂದು ಸೂಜಿ, ಎರಡು ಮೀಟರ್ ಹತ್ತಿ ಬಟ್ಟೆ, ಒಂದು ಪ್ರಶ್ನೆ ಇಟ್ಟುಕೊಂಡು ಶುರುಮಾಡಿ. ಮೊದಲ ಬಾರಿಗೆ ನಡುಪಟ್ಟಿ ಅಥವಾ ಇಜಾರ ಸಾಕು. ಮನೆಯಲ್ಲಿ ಹೊಲಿಗೆ ಬಲ್ಲ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತು ಕಲಿಯಿರಿ. ಅವರು ಬಲ್ಲದ್ದು ಯಾವ ಪಠ್ಯಪುಸ್ತಕದಲ್ಲೂ ಅಚ್ಚಾಗಿಲ್ಲ.