ಬೇಸಿಗೆ ಟೊಮೆಟೊ: ಹೂ ಉದುರುವುದೇಕೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಏಪ್ರಿಲ್ ಬಂತೆಂದರೆ ಒಂದೇ ಮಾತು: 'ಗಿಡ ಹಸುರಾಗದೆ, ಹೂವೂ ಬುಡ್ತದೆ, ಕಾಯೇ ಕಚ್ಚಕಿಲ್ಲ.' ಕೂಡಲೇ ಔಷಧಿ ಅಂಗಡಿಗೆ ಓಡುತ್ತೇವೆ. ಆದರೆ ಇದು ಹೆಚ್ಚಾಗಿ ರೋಗವಲ್ಲ, ಧಗೆಯ ಕಾಟ.

ಟೊಮೆಟೊ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 22ಕ್ಕಿಂತ ಕೆಳಗಿಳಿಯದಿದ್ದರೆ ಪರಾಗ ಜೊಳ್ಳಾಗುತ್ತದೆ. ಈ ಹಾನಿ ಮೊಗ್ಗಿನಲ್ಲೇ, ಹೂ ಅರಳುವ ವಾರ ಮುಂಚೆಯೇ ಆಗಿರುತ್ತದೆ. ಉದುರುವಾಗ ಸಿಂಪಡಿಸಿದರೆ ದುಡ್ಡು ದಂಡ.

2024ರ ಏಪ್ರಿಲ್ 28ರಂದು ಬೆಂಗಳೂರಲ್ಲೇ 38.5 ಡಿಗ್ರಿ ಇತ್ತು. ಅದಕ್ಕಿಂತ ತಗ್ಗಿನಲ್ಲಿರುವ ನಮ್ಮ ಸೀಮೆಯ ಧಗೆ ಹೇಳಬೇಕಿಲ್ಲ.

ಏನು ಮಾಡಬಹುದು?

1. ನೆಟ್ಟ ಸುಮಾರು ತಿಂಗಳಿಗೆ ಹೂ ಬರುತ್ತದೆ. ಫೆಬ್ರವರಿ ನಾಟಿ ಬಿರುಬಿಸಿಲಿಗೆ ಸಿಕ್ಕಿಬೀಳುತ್ತದೆ. ಡಿಸೆಂಬರ್ ಒಳಗೆ ನೆಟ್ಟರೆ ಅದಕ್ಕೆ ಮೊದಲೇ ಬಹುಪಾಲು ಕಾಯಿ ಕಚ್ಚಿರುತ್ತದೆ.

2. ಬುಡಕ್ಕೆ ಕಬ್ಬಿನ ತರಗು ಹೊದಿಸಿ. ಮುಂಜಾನೆ ಇಲ್ಲವೇ ಸಂಜೆ ಸ್ವಲ್ಪ ಸ್ವಲ್ಪ ನೀರು ಕೊಡಿ. ಒಮ್ಮೆ ಒಣಗಿಸಿ, ಒಮ್ಮೆ ಕೆರೆ ಮಾಡಬೇಡಿ.

3. ನಾಟಿಗೆ ತಿಂಗಳು ಮುಂಚೆ ಪಡುವಲ ಬದುವಿಗೆ ಎರಡು ಸಾಲು ಮುಸುಕಿನ ಜೋಳ ಹಾಕಿ. ಇಳಿಹೊತ್ತಿನ ಬಿಸಿಲಿಗೆ ಮರೆಯಾಗುತ್ತದೆ.

4. ಯೂರಿಯಾ ಹೆಚ್ಚಿಸಿದರೆ ಸೊಪ್ಪು ಬರುತ್ತದೆಯೇ ಹೊರತು ಕಾಯಲ್ಲ. ಎಲೆ ಸವರಬೇಡಿ, ಕಾಯಿಗೆ ಅದೇ ಕೊಡೆ.

5. 30 ಡಿಗ್ರಿ ಮೀರಿದರೆ ಕೆಂಪು ಕೂಡದೆ ಹಣ್ಣು ಹಳದಿಯಾಗುತ್ತದೆ. ಬಣ್ಣ ತಿರುಗುತ್ತಲೇ ಕಿತ್ತು ತಂಪು ನೆರಳಲ್ಲಿ ಮಾಗಿಸಿ.

ಹೂ ಉದುರಿತೆಂದು ಗಿಡ ಕೀಳಲು ಅವಸರ ಬೇಡ. ಬುಡ ಗಟ್ಟಿಯಿದ್ದು, ಎಲೆಗೆ ಮುದುರು ರೋಗ ಇಲ್ಲದಿದ್ದರೆ ಕಾಯಿರಿ. ಮುಂಗಾರು ಪೂರ್ವದ ಮಳೆ ಬಿದ್ದು ರಾತ್ರಿ ತಂಪಾದರೆ, ವಾರ ಹತ್ತು ದಿನದಲ್ಲಿ ಹೊಸ ಹೂ ಕಾಯಿ ಕಚ್ಚುತ್ತದೆ.