ವಿಜ್ಞಾನ ಪಾಠ: ಎಣ್ಣೆ ಗಟ್ಟಿಯಾದ ಕಥೆ

ಊರು ಬಿಟ್ಟು ಬಂದು ಮುಂಬಯಿಯ ಖೋಲಿಗಳಲ್ಲಿ ಸಂಸಾರ ಹೂಡಿದ ನಮ್ಮಂಥವರ ಅಡಿಗೆಮನೆಯಲ್ಲಿ ಒಂದು ಕಾಲಕ್ಕೆ ಹಳದಿ ಬಣ್ಣದ ಡಾಲ್ಡಾ ಡಬ್ಬಿ ಇದ್ದೇ ಇರುತ್ತಿತ್ತು. ತುಪ್ಪ ಕೊಳ್ಳಲು ಕೈ ಸಾಗದವರಿಗೆ ಹಬ್ಬದ ದಿನ ಅದೇ ಆಧಾರ. ಬರಿದಾದ ಡಬ್ಬಿ ಬೇಳೆ ತುಂಬಲಿಕ್ಕೂ ತುಳಸಿ ನೆಡಲಿಕ್ಕೂ ಬರುತ್ತಿತ್ತು. ಹರಿಯುವ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟಿದ್ದು ಹೇಗೆ? ಈ ಸಲದ ಪಾಠದಲ್ಲಿ ಅದನ್ನು ತಿಳಿಯೋಣ.

ಈ ವಿದ್ಯೆಗೆ ದಾರಿ ತೆರೆದವರು ಫ್ರಾನ್ಸ್ ದೇಶದ ರಸಾಯನ ಶಾಸ್ತ್ರಜ್ಞ ಪಾಲ್ ಸಬಾತಿಯೆ. 1854ರಲ್ಲಿ ಕಾರ್ಕಸೋನ್ ಎಂಬ ಊರಿನಲ್ಲಿ ಹುಟ್ಟಿದರು. ಪ್ಯಾರಿಸಿನಲ್ಲಿ ಓದಿ, ಹೆಸರಾಂತ ಬರ್ತಲೋ ಅವರ ಕೈಕೆಳಗೆ ದುಡಿದು, 1880ರಲ್ಲಿ ಡಾಕ್ಟರ್ ಪದವಿ ಪಡೆದರು. 1882ರಲ್ಲಿ ತುಲೂಸ್ ಪಟ್ಟಣಕ್ಕೆ ಬಂದವರು ಮತ್ತೆ ಅದನ್ನು ಬಿಡಲಿಲ್ಲ. ಮುಂದೆ ರಾಜಧಾನಿಯಿಂದ ದೊಡ್ಡ ಹುದ್ದೆಗೆ ಕರೆ ಬಂದಾಗಲೂ ಒಲ್ಲೆನೆಂದರು.

1896ರಲ್ಲಿ ಮ್ವಾಸಾನ್ ಮತ್ತು ಮೂರೂ ಎಂಬ ಇಬ್ಬರು ಪಂಡಿತರು ನಿಕಲ್ ಲೋಹದ ಪುಡಿಯ ಮೇಲೆ ಅಸಿಟಿಲೀನ್ ಅನಿಲವನ್ನು ಹಾಯಿಸಿದ್ದರು. ಪುಡಿ ಕೆಂಡದಂತೆ ಕಾದು ಮಸಿ ಕಟ್ಟಿತು. ಲೋಹದ ಸಣ್ಣ ರಂಧ್ರಗಳಲ್ಲಿ ಅನಿಲ ಒತ್ತೊತ್ತಾಗಿ ಸೇರಿ ಕಾವೇರಿದ್ದೇ ಇದಕ್ಕೆ ಕಾರಣವೆಂದು ಅವರು ಬಗೆದರು. ಸಬಾತಿಯೆ ಇದನ್ನು ಒಪ್ಪಲಿಲ್ಲ. ಆದರೆ ಅವಸರಪಡಲೂ ಇಲ್ಲ. ಅವರಿಬ್ಬರೂ ಆ ಕೆಲಸವನ್ನು ಮುಂದುವರಿಸುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ತಾವು ಕೈಹಾಕಿದರು. 1897ರಲ್ಲಿ ಅವರೂ ಅವರ ಜೊತೆಗಾರ ಪಾದ್ರಿ ಸಾಂದರಾನ್ಸರೂ ಎಥಿಲೀನ್ ಅನಿಲವನ್ನು ಜಲಜನಕದೊಡನೆ ನಿಕಲ್ ಪುಡಿಯ ಮೇಲೆ ಹಾಯಿಸಿದರು. ಎರಡೂ ಕೂಡಿ ಈಥೇನ್ ಆಯಿತು. 1901ರಲ್ಲಿ ಸುಮಾರು 180 ಡಿಗ್ರಿ ಕಾವಿನಲ್ಲಿ ಬೆಂಜೀನಿಗೂ ಹೀಗೆಯೇ ಜಲಜನಕವನ್ನು ಕೂಡಿಸಿದರು.

ಹಾಗಾದರೆ ನಿಕಲ್ ಮಾಡಿದ್ದೇನು? ಅದು ವೇಗವರ್ಧಕ. ನಮ್ಮೂರ ಹೊಳೆಯ ದೋಣಿಯನ್ನು ನೆನೆಯಿರಿ. ಜನ ಹತ್ತುತ್ತಾರೆ, ಆಚೆ ದಡದಲ್ಲಿ ಇಳಿಯುತ್ತಾರೆ. ಖಾಲಿ ದೋಣಿ ಮುಂದಿನವರಿಗಾಗಿ ಮರಳುತ್ತದೆ. ನಿಕಲ್ ಕೂಡ ಜಲಜನಕವನ್ನು ಕ್ಷಣಕಾಲ ತನ್ನೊಡನೆ ಕೂಡಿಸಿಕೊಂಡು, ಇನ್ನೊಂದು ವಸ್ತುವಿಗೆ ಒಪ್ಪಿಸಿ, ಮತ್ತೆ ಬರಿಗೈಯಾಗುತ್ತದೆ. ಸುಮ್ಮನೆ ಪಕ್ಕದಲ್ಲಿ ನಿಲ್ಲುವುದಿಲ್ಲ, ತಾನೂ ಕ್ರಿಯೆಯಲ್ಲಿ ಪಾಲುಗೊಳ್ಳುತ್ತದೆ. ಇದೇ ಸಬಾತಿಯೆಯವರ ಸಿದ್ಧಾಂತ. ಗಂಧಕದಂಥ ವಸ್ತುಗಳ ಅಂಶ ಸ್ವಲ್ಪ ಬೆರೆತರೂ ಪುಡಿ ಕೆಲಸ ನಿಲ್ಲಿಸುತ್ತದೆ. ದೋಣಿ ಹತ್ತಿದವನು ಇಳಿಯಲೊಲ್ಲೆನೆಂದು ಕೂತರೆ ಉಳಿದವರಿಗೆ ಜಾಗವೆಲ್ಲಿ?

ಈ ಸಾಧನೆಗೆ 1912ರ ನೊಬೆಲ್ ಪಾರಿತೋಷಕದ ಅರ್ಧ ಅವರಿಗೆ ಸಂದಿತು. ಉಳಿದರ್ಧ ಅದೇ ದೇಶದ ಗ್ರೀನ್ಯಾರ್ ಅವರಿಗೆ. ಅವರು 1941ರಲ್ಲಿ ತುಲೂಸಿನಲ್ಲಿಯೇ ತೀರಿಕೊಂಡರು.

ಅವರ ಪ್ರಯೋಗಗಳು ಆವಿ ಮತ್ತು ಅನಿಲಗಳದು. ದ್ರವರೂಪದ ಎಣ್ಣೆಗೆ ಈ ಉಪಾಯವನ್ನು ಅನ್ವಯಿಸಿ 1902ರಲ್ಲಿ ಪೇಟೆಂಟ್ ಪಡೆದವರು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್. ಬಿಸಿ ಎಣ್ಣೆಯಲ್ಲಿ ನಿಕಲ್ ಪುಡಿ ಕದಡಿ ಜಲಜನಕ ಹಾಯಿಸಿದರೆ, ಎಣ್ಣೆಯ ಅಣುಗಳಲ್ಲಿರುವ ಜೋಡಿ ಬಂಧಗಳು ತುಂಬಿಕೊಂಡು ಎಣ್ಣೆ ಗಟ್ಟಿಯಾಗುತ್ತದೆ. ಅದೇ ವನಸ್ಪತಿ. ಮುಂಬಯಿಯ ಶಿವಡಿಯಲ್ಲಿ 1930ರ ದಶಕದಲ್ಲಿ ಇದರ ಕಾರಖಾನೆ ನಡೆಯತೊಡಗಿತು.

ಇಲ್ಲೊಂದು ಎಚ್ಚರಿಕೆಯ ಮಾತು. ಎಣ್ಣೆಯನ್ನು ಅರ್ಧ ಗಟ್ಟಿ ಮಾಡಿ ನಿಲ್ಲಿಸಿದಾಗ, ಕೆಲವು ಅಣುಗಳು ದೋಣಿ ಹತ್ತಿಯೂ ಆಚೆ ದಡ ಮುಟ್ಟದೆ ಹಿಂದಿರುಗುತ್ತವೆ. ಆದರೆ ಮೊದಲಿನಂತೆ ಹಿಂದಿರುಗುವುದಿಲ್ಲ. ಬಾಗಿದ್ದ ಅಣು ನೆಟ್ಟಗಾಗಿರುತ್ತದೆ. ಇದನ್ನೇ ಟ್ರಾನ್ಸ್ ಕೊಬ್ಬು ಎನ್ನುತ್ತಾರೆ. ಇದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ, ಒಳ್ಳೆಯದನ್ನು ತಗ್ಗಿಸಿ, ಹೃದಯರೋಗಕ್ಕೆ ದಾರಿ ಮಾಡುತ್ತದೆ. ಅದಕ್ಕಾಗಿಯೇ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ನೂರಕ್ಕೆ 2 ಪಾಲು ಮೀರಬಾರದೆಂದು ಕಟ್ಟಳೆಯಾಯಿತು.

ನಮ್ಮಲ್ಲಿ ಬಹಳ ಮಂದಿ ಖಾನಾವಳಿಯ ಊಟ, ಸಂಜೆಯ ಬೇಕರಿ ತಿಂಡಿಗಳ ಮೇಲೆಯೇ ದಿನ ತಳ್ಳುವವರು. ಪೊಟ್ಟಣ ಕೊಳ್ಳುವಾಗ ಅದರ ಮೇಲಿನ ಸಣ್ಣಕ್ಷರದಲ್ಲಿ ಟ್ರಾನ್ಸ್ ಕೊಬ್ಬಿನ ಅಂಕಿಯನ್ನು ಒಮ್ಮೆ ನೋಡೋಣ. ಓದು ಕಲಿತದ್ದಕ್ಕೆ ಅಷ್ಟಾದರೂ ಪ್ರಯೋಜನ ಆಗಲಿ. ಸಬಾತಿಯೆ ಕಟ್ಟಿಕೊಟ್ಟದ್ದು ದೋಣಿ. ಅದನ್ನು ಎಲ್ಲಿಗೆ ನಡೆಸಬೇಕೆಂಬುದು ನಡೆಸುವವರ ವಿವೇಕಕ್ಕೆ ಸೇರಿದ್ದು.