ಬಾಣಂತನ ಸಿಗದ ತಾಯಿಗೆ

ತುಮಕೂರು



ಐದನೆಯ ತಿಂಗಳಿನಲ್ಲಿ ನಿನ್ನ ಬಸಿರು ಇಳಿದುಹೋಯಿತೆಂದು ಗುಬ್ಬಿಯಿಂದ ನಿನ್ನ ತಾಯಿ ತಿಳಿಸಿದಾಗ ಆದ ವ್ಯಥೆಗಿಂತ, ವಾರ ತುಂಬುವ ಮೊದಲೇ ನೀನು ಕುಣಿಗಲಿನ ಮನೆಯಲ್ಲಿ ಎಂದಿನಂತೆ ಒಲೆಯ ಮುಂದೆ ನಿಂತಿರುವೆಯೆಂದು ಕೇಳಿ ಆದ ವ್ಯಥೆಯೇ ನನಗೆ ಹಿರಿದಾಯಿತು.

ಕೂಸನ್ನೆತ್ತಿಕೊಂಡು ಬಂದವಳಿಗೆ ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು, ಕಿವಿಗೆ ಹತ್ತಿ, ಮಾತನಾಡಿಸಲು ನೆರೆಹೊರೆ, ಇವೆಲ್ಲವನ್ನೂ ಏರ್ಪಡಿಸುವ ನಮ್ಮ ಸೀಮೆಯ ಗೃಹಿಣಿಯರು, ಬರಿಗೈಯಲ್ಲಿ ಬಂದವಳಿಗೆ ‘ಹೋಗ್ಲಿ ಬಿಡು, ಇನ್ನೊಂದಾಗುತ್ತೆ’ ಎಂಬ ಒಂದು ಮಾತನ್ನು ಕೊಟ್ಟು ಕೈತೊಳೆದುಕೊಳ್ಳುವರು. ದೇಹವಾದರೋ ಈ ಭೇದವನ್ನರಿಯದು: ರಕ್ತಸ್ರಾವವಾಗುತ್ತದೆ, ಎದೆಯಲ್ಲಿ ಹಾಲು ಕಟ್ಟುತ್ತದೆ, ಆ ಹಾಲನ್ನು ಕುಡಿಯುವ ಬಾಯಿಲ್ಲವೆಂಬುದೇ ಶೋಕವನ್ನು ದಿನಕ್ಕೆ ಹಲವು ಬಾರಿ ಹೊಸದಾಗಿಸುತ್ತದೆ. ಆದಕಾರಣ ನಿನಗೆ ಬಾಣಂತನವು ಸಲ್ಲಲೇಬೇಕೆಂಬುದು ನನ್ನ ಖಚಿತಾಭಿಪ್ರಾಯ. ಸಂಕೋಚವಿಲ್ಲದೆ ಕೇಳಿ ಪಡೆ. ನೀನು ದುಡಿಯುವ ಗಾರ್ಮೆಂಟ್ಸಿನಲ್ಲಿಯೂ ಕೇಳು. ಗರ್ಭಪಾತಕ್ಕೀಡಾದ ಹೆಣ್ಣಿಗೆ 6 ವಾರಗಳ ವೇತನಸಹಿತ ರಜೆಯನ್ನು 1961ರ ಹೆರಿಗೆ ಸೌಲಭ್ಯ ಕಾಯಿದೆಯೇ ವಿಧಿಸಿತ್ತು, ಆ ಹಕ್ಕು ಇಂದಿಗೂ ಅಳಿದಿಲ್ಲ.

ಗ್ರಹಣದಲ್ಲಿ ಹೊರಬಂದೆ, ಪರಂಗಿ ತಿಂದೆ, ಬಸ್ಸಿನಲ್ಲಿ ಕುಲುಕಾಡಿದೆ ಎಂದು ಯಾರಾದರೂ ದೋಷಾರೋಪಣೆ ಮಾಡಿದರೆ ಕಿವಿಗೊಡಬೇಡ. ಮೊದಲ ತಿಂಗಳುಗಳಲ್ಲಿ ಜಾರುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳ ದೋಷದಿಂದಲೂ, ಅನಂತರದವುಗಳಲ್ಲಿ ಹಲವು ಸೋಂಕು, ಗರ್ಭಕಂಠದ ದೌರ್ಬಲ್ಯ, ಮಾಸಿನ ತೊಂದರೆಗಳಿಂದಲೂ ಸಂಭವಿಸುವುವೆಂದು ವೈದ್ಯಶಾಸ್ತ್ರವು ಹೇಳುತ್ತದೆ. ನಿನ್ನ ಗಂಡನು ಅಳಲಿಲ್ಲವೆಂದು ನೊಂದುಕೊಳ್ಳಲೂ ಬೇಡ. ಗಂಡಸರಿಗೆ ಅಳುವುದನ್ನು ನಾವು ಕಲಿಸಿದ್ದರೆ ತಾನೆ!

ಅತ್ತರೆ ಅಳು, ಶೋಕವು ರೋಗವಲ್ಲ. ಆದರೆ ಎರಡು ವಾರ ಕಳೆದರೂ ನಿದ್ರಾಹಾರಗಳು ಮರಳದಿದ್ದರೆ, ತಪ್ಪೆಲ್ಲ ನನ್ನದೇ ಎಂಬ ಯೋಚನೆಯು ಬಿಡದೆ ಕಾಡಿದರೆ, ಬದುಕೇ ಬೇಡವೆನ್ನಿಸಿದರಂತೂ ಆ ಕ್ಷಣವೇ, ಮನೋವೈದ್ಯರ ನೆರವನ್ನು ಪಡೆಯತಕ್ಕದ್ದು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲಿರುಳೆನ್ನದೆ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊ. ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ-ಬಾಣಂತಿಯರ ಮನೋವ್ಯಾಧಿಗೆಂದೇ ಪ್ರತ್ಯೇಕ ಸೇವೆಯುಂಟು. ‘ಹುಚ್ಚಿನ ಆಸ್ಪತ್ರೆ’ ಎನ್ನುವವರು ಎನ್ನಲಿ.

ಈ ಕಾಗದವನ್ನು ನಿನ್ನ ಅತ್ತೆಯವರಿಗೂ ಓದಿ ಹೇಳು. ಅವರು ಕೆಟ್ಟವರಲ್ಲ, ಅವರ ಕಾಲದಲ್ಲಿ ಅವರಿಗೂ ಯಾರೂ ಇಂಥ ಬಾಣಂತನ ಮಾಡಲಿಲ್ಲ. ಭಾನುವಾರ ನಿನ್ನ ತಮ್ಮನು ಕುಣಿಗಲಿಗೆ ಬರುತ್ತಾನೆ. ಬೇಡವೆನ್ನದೆ ಅವನ ಜೊತೆ ಗುಬ್ಬಿಗೆ ಬಾ.

ನಿನ್ನ ದೊಡ್ಡಮ್ಮ